ಖಾಲಿ ಉಡಿ

ಗಾಜಿನ ಪೆಟ್ಟಿಗೆಯಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲುಕೊಡಲಿಗಳು. ಪಕ್ಕದ ಫಲಕವನ್ನು ನೀಲಾಂಬಿಕಾ ಮತ್ತೆ ಮತ್ತೆ ಓದಿದಳು. ಒಂದಕ್ಷರವೂ ತಲೆಗೆ ಹೋಗಲಿಲ್ಲ.

"ನೀಲಾ..."

ಜೀವನ್! ಬೆಂಗಳೂರಿನ ಅತ್ತಿಗುಪ್ಪೆಯವನಿಗೆ ಬಳ್ಳಾರಿಯ ಮ್ಯೂಸಿಯಂನಲ್ಲೇನು ಕೆಲಸ?

"ಮಕ್ಕಳು ಬಸ್ ಹತ್ತ್ಯಾರ. ನಾ ಹೊಂಟೆ," ಎಂದವಳು ತಿರುಗಿಯೂ ನೋಡಲಿಲ್ಲ.

ಬೆಂಗಳೂರಿನ ರಾಜಾಜಿನಗರದ ಶಾಲೆಯ ಪ್ರವಾಸಕ್ಕೆ ಟೀಚರಾಗಿ ಬಂದಿದ್ದಳು. ಸಂಜೆ ಇಲ್ಲಿಂದಲೇ ಸಿರುಗುಪ್ಪದ ಅಪ್ಪನ ಮನೆಗೆ ಹೋಗಬೇಕು. ಅವಳನ್ನು ನೋಡಲು ಬೇರೊಂದು ಗಂಡಿನ ಕಡೆಯವರು ಬರುತ್ತಾರೆ. 'ಆಗಲಿ' ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ಹುಡುಗಿಯ ಹಟ ನೋಡಿ!

ಬಸ್ಸು ಊರಾಚೆಯ ಸಂಗನಕಲ್ಲಿಗೆ ಬಂತು. ಬೆಟ್ಟದ ಮೇಲೆ ಮಕ್ಕಳನ್ನು ಉಳಿದ ಟೀಚರುಗಳಿಗೆ ಒಪ್ಪಿಸಿ, ಆದಿಮಾನವರು ಕೊಡಲಿ ಮಸೆದು ಗುಣಿಬಿದ್ದ ಬಂಡೆಯ ಬಳಿ ಕುಳಿತಳು. ಕೂರಲಾಗದೆ ಎದ್ದಳು. ಏದುಸಿರು ಬಿಡುತ್ತಾ ಜೀವನ್ ಕೂಡ ಹತ್ತಿ ಬಂದ.

"ಫೋನ್ ಯಾಕೆ ಎತ್ತಲ್ಲ? ನಾನೇನು ಮಾಡಿದೆ ಹೇಳು."

ತಡೆದಿಟ್ಟಿದ್ದ ಅಳು ಉಕ್ಕಿತು. "ನೀ ಏನೂ ಮಾಡಿಲ್ಲ. ನಿಮ್ಮ ಮನೀಗೆ ಬಂದಾಗ ನಿಮ್ಮವ್ವ ಕುಂಕುಮ ಹಚ್ಚಿ, ಹೂ ಕೊಟ್ಟು ಕಳಿಸಿದ್ರು. ಉಡಿ ತುಂಬಲಿಲ್ಲ. ನಮ್ಮ ಕಡೆ ಹುಡುಗಿ ಮನಸಿಗೆ ಬಂದ್ರ ಉಡಿ ತುಂಬ್ತಾರ. ಬರಲಿಲ್ಲ ಅಂತ ನನಗ ತಿಳೀತು..."

"ಚೇತನಾ ನಿನ್ನೆ ಹೇಳಿದ್ಲು," ಎಂದ ಜೀವನ್. ಬೆಂಗಳೂರಿನ ವಿಜಯನಗರದ ರೂಮಿನಲ್ಲಿ ಅವಳ ಜೊತೆಗಿರುವ ಗೆಳತಿ ಚೇತನಾ. "ನಮ್ಮಲ್ಲಿ ಮದುವೆ ಆದವರಿಗೆ ಮಾತ್ರ ಮಡಿಲು ತುಂಬೋದು ಕಣೇ. ಮೊದಲೇ ತುಂಬಿದ್ರೆ ನಿಂಗೆ ಕೆಟ್ಟದಾಗುತ್ತೆ ಅಂತ ಅಮ್ಮ ಹೆದರಿದ್ರು."

ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತಳು. ಮೆಚ್ಚಿದ್ದಕ್ಕೇ ತುಂಬಲಿಲ್ಲವೇ... ನಾನೆಂಥ ದಡ್ಡಿ!

"ಕೆಳಗೆ ನೋಡು."

ಬೆಟ್ಟದ ಬುಡದಲ್ಲಿ, ಬೇವಿನ ಮರದಡಿ, ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು ಅವನ ತಾಯಿ ಲಿಂಗಮ್ಮ.

ನೀಲಾ ಓಡಿದಳು. ಮುಳ್ಳಿಗೆ ಸೆರಗು ಸಿಕ್ಕಿ ಹರಿದದ್ದೂ ಗೊತ್ತಾಗಲಿಲ್ಲ.

"ಸೆರಗೊಡ್ಡು ತಾಯಿ," ಎಂದರು ಲಿಂಗಮ್ಮ, ಚೀಲದಿಂದ ಅಕ್ಕಿ, ತೆಂಗಿನಕಾಯಿ ತೆಗೆಯುತ್ತಾ.

"ಬ್ಯಾಡ್ರಿ ಅತ್ತಿ... ನಿಮ್ಮ ಶಾಸ್ತ್ರ ಮುರೀತೈತಿ."

"ಮುರೀಲಿ ಬಿಡು. ನೀನು ಅಳ್ತಾ ಇರುವಾಗ ನಂಗೆ ಶಾಸ್ತ್ರ ಯಾಕೆ? ನಿಮ್ಮ ಕಡೆ ಹೆಂಗೆ ತುಂಬ್ತಾರೋ ಹೇಳ್ಕೊಡು."

ಹರಿದ ಸೆರಗಿಗೆ ಅಕ್ಕಿ ಬಿತ್ತು. ಅದನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದರಲ್ಲಿ ನೀಲಾ ಫೋನ್ ಹಚ್ಚಿದಳು.

"ಅಪ್ಪಾ, ಅವರಿಗೆ ಬರಬ್ಯಾಡ್ರಿ ಅಂತ ಹೇಳು. ಇಲ್ಲಿ ನನ್ನ ಉಡಿ ತುಂಬ್ಯಾರ."

ಆ ಕಡೆಯಿಂದ ಅಪ್ಪ ಅಮೀನಪ್ಪ ಕೇಳಿದ್ದು ಒಂದೇ. "ಯಾರವ್ವ ಅವರು? ಮನೀಗೆ ಕರಕೊಂಡು ಬಾ."

ಬಸ್ಸಿನತ್ತ ನಡೆಯುವಾಗ ಜೀವನ್ ಮೆಲ್ಲಗೆ ಕೇಳಿದ, "ಭಾರ ಇದ್ಯಾ? ನಾನು ಹಿಡ್ಕೊಳ್ಲಾ?"

"ಭಾರ ಐತಿ," ಎಂದಳು ನೀಲಾ, ಉಡಿಯನ್ನು ಇನ್ನಷ್ಟು ಎದೆಗವಚಿಕೊಂಡು. "ಇರಲಿ ಬಿಡು, ನಾನೇ ಹಿಡಕೋತೀನಿ."