ಹತ್ತನೇ ಜೆರ್ಸಿ

“ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದೆ ಕಣ್ರೀ, ನನ್ನನ್ನ ಉಳಿಸ್ಕೊಂಡಿದ್ದಾರೆ ಅಂತ!”

ಗೋಲ್‌ಕೀಪರ್ ಕೈಯಲ್ಲಿದ್ದ ಜೆರ್ಸಿಯನ್ನು ಹೊಲಿಗೆ ಮೇಜಿನ ಮೇಲೆ ಹಾಕಿದ. ಬೆನ್ನಿನಲ್ಲಿ ಹಳದಿ ಬಟ್ಟೆಯ ಒಂದನೇ ನಂಬರ್. ತಂಡದ ದರ್ಜಿಯಾದ ಅವಳೇ ಹೊಲಿದದ್ದು.

ಲೀಗಿಗೆ ಈ ವರ್ಷ ಹೊಸ ತಂಡವೊಂದು ಸೇರುತ್ತಿತ್ತು. ಹಳೆಯ ತಂಡಗಳು ತಲಾ ಒಂಬತ್ತು ಆಟಗಾರರನ್ನು ಉಳಿಸಿಕೊಳ್ಳಬಹುದು. ಮಿಕ್ಕವರಲ್ಲಿ ಬೇಕಾದವರನ್ನು ಹೊಸ ತಂಡ ಆರಿಸಿಕೊಳ್ಳುತ್ತದೆ. ಉಳಿಸಿಕೊಂಡವರ ಹೆಸರಿನ ಚೀಟಿ ಮೊದಲು ಬರುವುದು ಹೊಲಿಗೆ ಕೋಣೆಗೆ. ಹಾಗಾಗಿ ಬೆಳಿಗ್ಗೆ ಗೂಟದಲ್ಲಿ ತನ್ನ ಹೊಸ ಜೆರ್ಸಿ ಕಂಡು ಅವನು ಕುಣಿದಿದ್ದ. ಮಧ್ಯಾಹ್ನ ಮ್ಯಾನೇಜರ್ ಓದಿದ ಒಂಬತ್ತು ಹೆಸರುಗಳಲ್ಲಿ ಅವನದಿರಲಿಲ್ಲ. ಹೊಸ ತಂಡ ಕೂಡಲೇ ಅವನನ್ನು ಆರಿಸಿಕೊಂಡಿತ್ತು. ನಾಳೆಯೇ ಹೊರಡಬೇಕು, ಏಳು ಗಂಟೆಯ ದಾರಿ.

“ಚೀಟಿ ಸರಿಯಾಗಿ ಓದ್ಲಿಲ್ವಾ?”

“ಓದಿದೆ. ಒಂಬತ್ತು ಹೆಸರಿತ್ತು. ಹತ್ತು ಜೆರ್ಸಿ ಹೊಲಿದೆ.”

“ತಪ್ಪಾಗಿ?”

“ಬೇಕು ಅಂತಲೇ.” ಅವಳು ತಲೆಯೆತ್ತಿದಳು. “ತಪ್ಪು ಚೀಟೀದು. ಅವರು ನಿಮ್ಮನ್ನ ಕೈಬಿಟ್ರೆ ನನ್ನ ಮೇಲೆ ಕೂಗಾಟ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ಇಲ್ಲಿ ಎಮ್ಮೆ ಯಾರು?” ಸಿಟ್ಟಿನಲ್ಲೂ ಅವನ ತುಟಿಯಂಚು ಅಲುಗಿತು.

“ನಗಬೇಡಿ. ಊರೆಲ್ಲಾ ನಿಮ್ಮನ್ನ ‘ಗೋಡೆ’ ಅಂತಾರೆ. ಗೋಡೆಗೂ ಕಿವಿ ಇರುತ್ತಂತೆ. ಮೂರು ವರ್ಷದಿಂದ ಹೇಳ್ತಾನೇ ಇದೀನಿ, ಈ ಗೋಡೆಗೆ ಕೇಳಿಸ್ಲೇ ಇಲ್ಲ.”

ಅವಳ ಕಿವಿ ಕೆಂಪಾಗಿತ್ತು. ನೋಟ ಮಾತ್ರ ತಗ್ಗಲಿಲ್ಲ. ಕೇಳದೆಯೇ ರಿಪೇರಿಯಾಗಿ ಬರುತ್ತಿದ್ದ ಕೈಗವಸುಗಳು, ತನಗೊಬ್ಬನಿಗೇ ಮೆತ್ತಗಿರುತ್ತಿದ್ದ ಕಾಲರ್, ಎಲ್ಲ ಅವನಿಗೆ ಈಗ ನೆನಪಾದವು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. “ಹತ್ತನೇದನ್ನ ಯಾರನ್ನ ಕೇಳಿ ಹೊಲಿದೆಯಮ್ಮಾ? ಕೊಡಿಲ್ಲಿ, ಅದು ತಂಡದ್ದು.”

ಅವಳು ಪುಟ್ಟ ಕತ್ತರಿ ತೆಗೆದುಕೊಂಡಳು. ಒಂದೊಂದೇ ಹೊಲಿಗೆ ಬಿಚ್ಚಿ ನಂಬರನ್ನು ಕಿತ್ತು, ಬರಿಯ ಜೆರ್ಸಿಯನ್ನು ಮುಂದೆ ಹಿಡಿದಳು.

“ತಗೊಳ್ಳಿ ಸಾರ್. ನೀವು ಒಂಬತ್ತು ನಂಬರಿಗಷ್ಟೇ ಬಟ್ಟೆ ಕೊಟ್ಟಿದ್ರಿ. ಈ ನಂಬರ್ ನನ್ನ ಸ್ಕಾರ್ಫಿಂದು. ನಾಳೆಯಿಂದ ನಾನೂ ಬರಲ್ಲ.”

ಮ್ಯಾನೇಜರ್ ಜೆರ್ಸಿ ಹಿಡಿದು ಗೊಣಗುತ್ತ ಹೋದರು. ಅದರ ಬೆನ್ನಿನಲ್ಲಿ ಸೂಜಿಯ ತೂತುಗಳು ಇನ್ನೂ ‘ಒಂದು’ ಎಂದೇ ಹೇಳುತ್ತಿದ್ದವು.

“ಹೊಸ ತಂಡಕ್ಕೆ ದರ್ಜಿ ಇಲ್ವಂತೆ,” ಎಂದ ಅವನು, ಮೆಲ್ಲಗೆ.

“ಅವರು ಆಟಗಾರರನ್ನ ಮಾತ್ರ ಆರಿಸ್ಕೊಳ್ಳೋದಲ್ವಾ?”

“ನಾನು ಆರಿಸ್ತಿದೀನಿ. ಬರ್ತೀರಾ?”

“ತಂಡಕ್ಕಾ, ನಿಮಗಾ?”

“ಮೊದಲು ನನಗೆ. ತಂಡ ಆಮೇಲೆ ನೋಡ್ಕೊಳ್ಳಲಿ.”

ಅವಳು ಹಳದಿ ನಂಬರನ್ನು ಅವನ ಜೇಬಿಗೆ ತುರುಕಿದಳು. “ನಾನು ಮೊದಲೇ ಆರಿಸಾಗಿದೆ. ಮೆಷಿನ್ ನಮ್ಮಮ್ಮಂದು, ಬಿಟ್ಟು ಬರಲ್ಲ. ಭಾರ ಇದೆ. ಬೀಳಿಸಿದ್ರೆ ನೋಡಿ!”

“ಹನ್ನೆರಡು ವರ್ಷ ಗೋಲ್‌ನಲ್ಲಿ ನಿಂತಿದೀನಿ ಕಣ್ರೀ.”

ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳು ಬಹುವಚನ ಬಿಟ್ಟಳು.

“ಹಾಗಾದ್ರೆ ಹಿಡ್ಕೋ.”