ಮುಖಕ್ಕೊಂದು ಕಾಲುಚೀಲ

"ಏನ್ರೀ ಅದು ನಿಮ್ಮ ಕೈಯಲ್ಲಿ?"

ಸ್ಟುಡಿಯೊ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ವರ್ಷಗಟ್ಟಲೆ ವಾರ್ತೆ ಓದಿ ಹದಗೊಂಡ ದನಿ... ಪಿಸುಗುಟ್ಟಿದರೂ ಕಡೆಯ ಬೆಂಚಿಗೆ ಮುಟ್ಟುವಂಥದ್ದು!

ಕ್ಯಾಮೆರಾದ ಹಿಂದಿದ್ದ ಹೊಸಬ ಬೆಚ್ಚಿಬಿದ್ದ. ಅಗಲ ಹೆಗಲು, ಕುರುಚಲು ಗಡ್ಡ, ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನ ಮುಖ. ಬೆರಳ ತುದಿಯಲ್ಲಿ ತೂಗಾಡುತ್ತಿದ್ದದ್ದು ಹೆಂಗಸರ ತೆಳು ಕಾಲುಚೀಲದ ತುಂಡು, ಜೊತೆಗೊಂದು ರಬ್ಬರ್ ಬ್ಯಾಂಡ್.

"ಇದು... ಏನಿಲ್ಲ ಮೇಡಂ."

ಏನಿಲ್ಲವಂತೆ! ಅವಳಿಗೆ ಆ ವಿದ್ಯೆ ಗೊತ್ತಿತ್ತು. ಲೆನ್ಸಿನ ಬಾಯಿಗೆ ಅಂಥ ಬಟ್ಟೆ ಬಿಗಿದರೆ ಎದುರಿನ ಮುಖದ ಗೆರೆ, ಸುಕ್ಕು ಎಲ್ಲ ಕರಗಿ ಮಂಜಾಗುತ್ತವೆ. ಓದುವ ಸಾಲುಗಳು ಹರಿಯುವ ಗಾಜಿನ ಹಿಂದೆ ಲೆನ್ಸ್ ಅಡಗಿರುವುದರಿಂದ, ಓದುವವರಿಗೆ ತಿಳಿಯುವುದೂ ಇಲ್ಲ.

"ನನ್ನ ಮುಖಕ್ಕೆ ಕಾಲುಚೀಲ! ಕೆಲಸಕ್ಕೆ ಬಂದು ಎರಡು ದಿನ ಆಗಿಲ್ಲ, ಆಗ್ಲೇ ನನ್ನ ಸುಕ್ಕು ಎಣಿಸ್ಬಿಟ್ರಾ?"

ಅವನು ಏನೋ ಹೇಳಹೊರಟ. ಅವಳ ಕಣ್ಣು ನೋಡಿದ... ನುಂಗಿಕೊಂಡ.

"ತಪ್ಪಾಯ್ತು ಮೇಡಂ," ಎಂದು ತುಂಡನ್ನು ಜೇಬಿಗೆ ತುರುಕಿದ.

ಅವಳಿಗೆ ಇನ್ನಷ್ಟು ಚುಚ್ಚಿತು. ಹಿಂದಿನ ದಿನವಷ್ಟೇ, 'ಕೆಟ್ಟ ಸುದ್ದಿ ಓದೋ ಮುಂಚೆ ಒಂದು ಉಸಿರು ನಿಲ್ಲಿಸ್ತೀರಲ್ಲ, ಅದು ತುಂಬ ಚೆನ್ನಾಗಿರುತ್ತೆ' ಅಂದಿದ್ದವನು ಇವನೇ! ಆ ಒಂದು ಮಾತಿಗೆ ಮನೆಗೆ ಹೋಗಿ ಕನ್ನಡಿ ಮುಂದೆ ನಕ್ಕಿದ್ದೆನಲ್ಲ... ಪೆದ್ದಿ, ಶುದ್ಧ ಪೆದ್ದಿ!

ಮೇಕಪ್ ಕೋಣೆಯಲ್ಲಿ ಕೂತಳೋ ಇಲ್ಲವೋ, ಸಂಪಾದಕರು ಇಣುಕಿದರು. ಪ್ರತಿ ಹೊಗಳಿಕೆಗೂ ಬಾಲ ಅಂಟಿಸುವ ಅವರಿಗೆ ಬೆನ್ನ ಹಿಂದಿನ ಹೆಸರು 'ಆದ್ರೂ ಸಾಹೇಬ್ರು'.

"ನಿಮ್ಮ ಓದು ಬಿಡಿ, ಅಪ್ಪಟ ಚಿನ್ನ! ಆದ್ರೂ... ಈ ಬಿಳಿಕೂದಲು? ನಾಳೆ ಚುನಾವಣೆ ಫಲಿತಾಂಶ, ಊರೆಲ್ಲ ನೋಡುತ್ತೆ. ಬಣ್ಣ ಹಚ್ಕೊಂಡು ಬನ್ನಿ. ಇಲ್ಲಾಂದ್ರೆ ಹವಾಮಾನ ಓದೋ ಹುಡುಗೀನ ಕೂರಿಸ್ತೀನಿ. ನೀವು ದನಿ ಮಾತ್ರ ಕೊಡಿ."

"ನನ್ನ ಪಕ್ಕ ಕೂರೋ ಸರ್‌ಗೆ ತಲೆ ಪೂರ್ತಿ ಬೆಳ್ಳಗಾಗಿದೆಯಲ್ಲ?"

"ಅವರದು ಅನುಭವ ಅಮ್ಮಾ!"

"ನಂದು?"

"ನಿಮ್ಮದು... ವಯಸ್ಸು."

ಅವರು ಅತ್ತ ಹೋದದ್ದೇ ಅವಳು ಮೂಗು ಮೇಲೆತ್ತಿ, ಇಲ್ಲದ ಹೊಟ್ಟೆ ಮುಂದೆ ಮಾಡಿ, "ಚಂದ್ರ ಚೆನ್ನಾಗಿದ್ದಾನೆ, ಆದ್ರೂ... ಈ ಕಲೆ?" ಎಂದಳು. ಮೇಕಪ್ ಅಕ್ಕನ ಕೈಯಿಂದ ಬಾಚಣಿಗೆ ಜಾರುವಷ್ಟು ನಗು! ಅಣಕಿಸಿದವಳ ನಗು ಮಾತ್ರ ಅರ್ಧಕ್ಕೇ ನಿಂತಿತು.

"ಆ ಹೊಸಬನೂ ಇವರ ಕಡೆಯವನೇ ಅಕ್ಕಾ. ನನ್ನ ಕ್ಯಾಮೆರಾಗೆ ಕಾಲುಚೀಲ ಹಾಕ್ತಿದ್ದ."

"ಹಾಕ್ತಿದ್ನಾ? ತೆಗೀತಿದ್ದ ಕಣೇ!" ಅಕ್ಕ ತಲೆ ತಗ್ಗಿಸಿದಳು. "ನಿಂಗೆ ನಲವತ್ತು ತುಂಬಿದಾಗಿಂದ ಅದು ಅಲ್ಲೇ ಇದೆ. ಸಾಹೇಬ್ರೇ ಕಟ್ಟಿಸಿದ್ದು. ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ... ಇವನು ಬಂದವನೇ, 'ಇಂಥ ಮುಖಕ್ಕೆ ಪರದೆ ಕಟ್ಟಿದ ಪುಣ್ಯಾತ್ಮ ಯಾರು?' ಅಂತ ಗೊಣಗ್ತಿದ್ದ."

ಅವಳಿಗೆ ಈಗ ಹೊಳೆಯಿತು. ಅಮ್ಮ ಹೇಳುತ್ತಲೇ ಇದ್ದಳಲ್ಲ... 'ಟೀವೀಲಿ ನೀನು ಹಬೆಯೊಳಗೆ ಕೂತ ಹಾಗೆ ಕಾಣ್ತೀಯಲ್ಲೇ!' ಎಂದು. ತಾನು ಓದಿದ್ದನ್ನು ತಾನು ನೋಡುವ ಅಭ್ಯಾಸವಿಲ್ಲದ ಅವಳು, ಪಾಪ, ಅಮ್ಮನ ಕನ್ನಡಕವನ್ನೇ ಎರಡು ಸಲ ಬದಲಾಯಿಸಿದ್ದಳು!

ಅಳು ಬರಬೇಕಿತ್ತು. ಬಂದದ್ದು ಹಠ.

ಮರುದಿನ ಸಂಜೆ, ಬಿಳಿ ಎಳೆಗಳು ಎದ್ದು ಕಾಣುವಂತೆ ಬಾಚಿ ಕಟ್ಟಿಕೊಂಡೇ ಸ್ಟುಡಿಯೊಗೆ ಬಂದಳು. ಸಾಹೇಬರ ಹುಬ್ಬು ಹಣೆಗೇರಿತು.

"ಅಷ್ಟು ಹೇಳಿದ್ರೂ ಹಚ್ಚಲಿಲ್ವಾ! ಏನಯ್ಯಾ ಕ್ಯಾಮೆರಾ, ಆ ಬಟ್ಟೆನಾದ್ರೂ ಕಟ್ಟು."

"ಕಟ್ಟಲ್ಲ ಸರ್," ಎಂದ ಹೊಸಬ. ದನಿ ಸಣ್ಣದು, ಮಾತು ಗಟ್ಟಿ.

ಅವಳು ಅವನ ಮುಂದೆ ಅಂಗೈ ಚಾಚಿದಳು. "ಕೊಡಿ ಇಲ್ಲಿ."

"ಮೇಡಂ... ಬೇಡ."

"ಕೊಡಿ ಅಂದೆ!"

ಕೊಟ್ಟ. ಅವಳು ತನ್ನ ಕ್ಯಾಮೆರಾ ದಾಟಿ ನೇರ ಪಕ್ಕದ ಕುರ್ಚಿಯ ಹಿರಿಯ ಸರ್ ಎದುರಿನ ಕ್ಯಾಮೆರಾಕ್ಕೆ ಹೋಗಿ, ಕಾಲುಚೀಲ ಎಳೆದು, ರಬ್ಬರ್ ಬ್ಯಾಂಡ್ ಬಿಗಿದಳು. ಅವಳು ತಿರುಗಿಸಿ ತೋರಿಸಿದ ಕ್ಯಾಮೆರಾ ಪರದೆಯ ಮೇಲೆ ಹಿರಿಯರು ಇಡ್ಲಿಪಾತ್ರೆಯಿಂದೆದ್ದ ಆತ್ಮದ ಹಾಗೆ ತೇಲಿದರು!

"ಏನಮ್ಮಾ ಇದು!" ಸಾಹೇಬರು ಕಿರುಚಿದರು.

"ನಿಮ್ಮದೇ ನಿಯಮ ಸರ್, ನಾಲ್ಕು ವರ್ಷದಿಂದ ನನಗೆ ಕಟ್ಟಿಸಿದ್ದು. ವಯಸ್ಸಾದವರಿಗೆ ಬಟ್ಟೆ. ನನಗೆ ನಲವತ್ನಾಲ್ಕು, ಅವರಿಗೆ ಐವತ್ತೆಂಟು. ಮೊದಲ ಮರ್ಯಾದೆ ಹಿರಿಯರಿಗೆ!" ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ಕಟ್ಟೋದಾದ್ರೆ ಇಬ್ಬರಿಗೂ. ಇಲ್ಲಾಂದ್ರೆ ಇಬ್ಬರಿಗೂ ಬೇಡ. ಮುಖ ಮನೇಲಿಟ್ಟು ದನಿ ಮಾತ್ರ ಕಳಿಸೋಳಲ್ಲ ನಾನು. ಈ ಕುರ್ಚಿಯಿಂದ ಏಳೋದೂ ಇಲ್ಲ."

ಹಿರಿಯ ಸರ್ ಪರದೆಯಲ್ಲಿದ್ದ ತಮ್ಮನ್ನು ನೋಡಿದರು, ಮತ್ತೆ ಅವಳನ್ನು.

"ನೀನು ಇಷ್ಟು ವರ್ಷ ಹೀಗಾ ಕಾಣ್ತಿದ್ದೆ? ಪಕ್ಕದಲ್ಲೇ ಕೂತು ನಾನು ಕೇಳಲೇ ಇಲ್ಲವಲ್ಲಮ್ಮ... ತೆಗೆಸಿ ಸಾಹೇಬ್ರೆ. ಅವಳ ಜಾಗದಲ್ಲಿ ಬೇರೆಯವರು ಬಂದ್ರೆ ನಾನೂ ಎದ್ದು ಹೋಗ್ತೀನಿ."

ನೇರಪ್ರಸಾರದ ಕೆಂಪು ದೀಪ ಇನ್ನೇನು ಹತ್ತಬೇಕು. ಸಾಹೇಬರು ಗಡಿಯಾರ ನೋಡಿದರು, ಬೆವರು ಒರೆಸಿದರು. "ಸರಿ, ಇರಲಿ. ಆದ್ರೂ..."

ಬಾಲ ಅಂಟುವ ಮುಂಚೆಯೇ ಹೊಸಬ ಬಟ್ಟೆ ಕಿತ್ತ. ದೀಪ ಹತ್ತಿತು. ಅವಳು ಓದಿದಳು, ಪ್ರತಿ ಗೆರೆಯೊಂದಿಗೆ.

ಮುಗಿಯುತ್ತಲೇ ಅಮ್ಮನ ಫೋನು. "ಮುಖ ಎಷ್ಟು ಸ್ಪಷ್ಟ ಕಾಣ್ತಿತ್ತೇ! ಕನ್ನಡಕ ಈಗ ಕಣ್ಣಿಗೆ ಕುದುರಿತು ನೋಡು."

ನಕ್ಕು ಫೋನಿಟ್ಟಳು. ಎಲ್ಲರೂ ಹೊರಟಿದ್ದರು. ಅವನು ಮಾತ್ರ ವೈರು ಸುತ್ತುತ್ತಿದ್ದ... ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ!

"ನಿನ್ನೇನೇ ಯಾಕೆ ನಿಜ ಹೇಳ್ಲಿಲ್ಲ? ಸುಮ್ನೆ ಬೈಸಿಕೊಂಡ್ರಲ್ಲ."

"ಅದು ಅಷ್ಟು ವರ್ಷದಿಂದ ಇತ್ತು ಅಂತ ಗೊತ್ತಾದ್ರೆ ನಿಮಗೆ ನೋವಾಗುತ್ತೆ ಅಂತ..."

"ಅದೂ ಒಂದು ಕಾಲುಚೀಲಾನೇ ರೀ. ಇನ್ಮೇಲೆ ನನ್ನ ಕಣ್ಣಿಗೆ ಕಟ್ಟಬೇಡಿ."

"ಕಟ್ಟಲ್ಲ." ಅವನು ವೈರು ಕೆಳಗಿಟ್ಟ. "ಹಾಗಾದ್ರೆ ಇನ್ನೊಂದು ನಿಜ. ಬಟ್ಟೆ ತೆಗೆದು ಫೋಕಸ್ ಹಿಡಿಯುವಾಗ ನಿಮ್ಮ ಕಣ್ಣಂಚಿನ ಗೆರೆ ಸಿಕ್ತು. ಅಲ್ಲಿಂದ ಈಚೆ ಬರೋಕೇ ಆಗ್ತಿಲ್ಲ... ನೀವಂದ್ರೆ ನನಗೆ ಇಷ್ಟ. ಆದ್ರೆ ನಾನು ನಿಮಗಿಂತ ನಾಲ್ಕು ವರ್ಷ ಚಿಕ್ಕವನು."

ಅವಳ ಉಸಿರು ಒಂದು ಕ್ಷಣ ನಿಂತಿತು. ಇದು ಕೆಟ್ಟ ಸುದ್ದಿಯಲ್ಲ!

"ಪರವಾಗಿಲ್ಲ. ಅನುಭವ ಕಮ್ಮಿ ಅಂತ ಇಟ್ಕೊಳ್ಳೋಣ."

ಅವನು ನಕ್ಕ. "ಸ್ವಲ್ಪ ಹತ್ತಿರ ಬರ್ತೀರಾ?"

ಅವಳು ಕುರ್ಚಿಯ ಎರಡೂ ತೋಳು ಹಿಡಿದು ನೆಟ್ಟಗೆ ಕೂತಳು.

"ಇಲ್ಲಿಂದ ಏಳಲ್ಲ ಅಂದಿದ್ದೀನಲ್ಲ... ನೀವೇ ಬನ್ನಿ."