ಬದುಕಿದ್ದವನ ಹೆಸರಿನ ಹಲಗೆ

"ನನ್ನ ಮಗನ್ನ ಕೊಂದಿದ್ದು ಬರ್ಮಾದ ಗುಂಡಲ್ಲ ಕಣೇ. ನೀನು."

ಅತ್ತೆ ಬ್ರಿಟಿಷ್ ಸೇನೆಯಿಂದ ಬಂದ ಕಾಗದವನ್ನು ಸೊಸೆ ಕ್ವಾಯ್‌ಹಿಂಗಳ ಮುಖಕ್ಕೆ ಎಸೆದಳು. ಅದರಲ್ಲಿದ್ದದ್ದು ಮೂರೇ ಸಾಲು. ಯಿಪ್ ಸಿಕ್‌ಲೊಯ್ ಎರಡು ವರ್ಷದ ಹಿಂದೆಯೇ, ಬ್ರಿಟಿಷರ ಪರ ಹೋರಾಡುತ್ತ, ಬರ್ಮಾದ ಕಾಡಿನಲ್ಲಿ ಸತ್ತಿದ್ದ. ಯುದ್ಧ ಮುಗಿದ ದಿನದಿಂದ ಇಬ್ಬರೂ ಅವನ ದಾರಿ ಕಾಯುತ್ತಿದ್ದರಲ್ಲ... ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು!

ಹಾಂಗ್‌ಕಾಂಗ್ ಜಪಾನೀಯರ ಕೈಗೆ ಬಿದ್ದ ದಿನ, ಬ್ರಿಟಿಷ್ ಅಧಿಕಾರಿ ತನ್ನ ಚೀನೀ ಸೈನಿಕರಿಗೆ ಸಮವಸ್ತ್ರ ಕಳಚಿ ಮನೆಗೆ ಹೋಗಿ ಎಂದುಬಿಟ್ಟಿದ್ದ. ಸಿಕ್‌ಲೊಯ್ ಯಾರೋ ಬೆಸ್ತನ ಅಂಗಿ ತೊಟ್ಟು ಬಂದು, ಒಂದು ವಾರ ಮಂಚದಡಿ ಅಡಗಿದ್ದು, ಗಡಿ ದಾಟಿ ಮತ್ತೆ ಅದೇ ಬ್ರಿಟಿಷರನ್ನು ಹುಡುಕಿಕೊಂಡು ಹೋದ. ಕೈಬಿಟ್ಟವರ ಬೆನ್ನುಹತ್ತಿದ ಪುಣ್ಯಾತ್ಮ! ಅವನನ್ನು ಕೇಳಿಕೊಂಡು ಜಪಾನಿ ಪೊಲೀಸರು ಬಂದಾಗ ಕ್ವಾಯ್‌ಹಿಂಗ್ ಬಿಳಿ ಉಟ್ಟು ನಿಂತಿದ್ದಳು. ಗಂಡನ ಹೆಸರು ಬರೆದ ಮರದ ಹಲಗೆ ಸತ್ತ ಹಿರಿಯರ ಪೀಠ ಏರಿತ್ತು, ಮುಂದೆ ಅನ್ನದ ಬಟ್ಟಲು, ಊದುಬತ್ತಿ. ಪೊಲೀಸರು ನಂಬಿ ಹೋದರು. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಸೈನಿಕನ ತಂದೆಯನ್ನು ಎಳೆದೊಯ್ದವರೂ ಅವರೇ. ಅತ್ತೆಯ ತಲೆ ಉಳಿಯಿತು, ನಾಲಿಗೆ ಮಾತ್ರ ಸುಮ್ಮನಾಗಲಿಲ್ಲ. ಬದುಕಿದ್ದವನಿಗೆ ಸತ್ತವರ ಕೂಳು ಬಡಿಸಿದರೆ ಅವನು ಉಳಿದಾನೆಯೇ ಎಂದು ನಾಲ್ಕು ವರ್ಷವೂ ಚುಚ್ಚಿದಳು. ನಿಲ್ಲಿಸಿದರೆ ಕಂಡವರು ದೂರು ಕೊಟ್ಟಾರೆಂದು ಸೊಸೆ ನಾಲ್ಕು ವರ್ಷವೂ ಬತ್ತಿ ಹಚ್ಚಿದಳು, ಹಚ್ಚುವಾಗಲೆಲ್ಲ ಅದೇ ಯೋಚನೆ. ಅತ್ತೆ ಹೇಳುವುದೇ ನಿಜವಾದರೆ?

ಈಗ ಅತ್ತೆ ಅವಳ ಬಟ್ಟೆಗಂಟನ್ನು ಬೀದಿಗೆಸೆದಳು. ಕ್ವಾಯ್‌ಹಿಂಗ್ ಅನ್ನ ಬಟ್ಟೆ ಕೇಳಲಿಲ್ಲ. ಅವನ ಹೆಂಡತಿಯಾಗಿ ಆ ಹಲಗೆಯ ಮುಂದೆ ನಿಲ್ಲುವ ಹಕ್ಕೊಂದೇ ಅವಳಿಗೆ ಬೇಕಿತ್ತು.

"ಹೋಗ್ತೀನಿ ಅತ್ತೆ. ಹಲಗೆ ಕೊಟ್ಬಿಡಿ."

"ಅದು ಯಿಪ್ ಮನೇದು. ನೀನು ಯಾವ ಮನೆಯವಳು?"

ಬಾಗಿಲು ಮುಚ್ಚಿತು. ಅವಳು ಮೆಟ್ಟಿಲ ಮೇಲೆ ಕುಳಿತಳು. ನೀರಿಗೆ ಹೊರಟ ನೆರೆಯ ಹೆಂಗಸರು ಗಂಡನನ್ನು ತಿಂದವಳೆಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು.

ಒಳಗೆ ಮಧ್ಯಾಹ್ನದ ಊಟದ ಹೊತ್ತಾಯಿತು. ಮುದುಕಿ ಅನ್ನ, ಉಪ್ಪುಮೀನು ಬಡಿಸಿ ಪೀಠದ ಮೇಲಿಟ್ಟಳು. ಬತ್ತಿ ಹಚ್ಚಿ, ಬಗ್ಗಲು ಹೋದವಳು ಹಾಗೆಯೇ ನಿಂತಳು. ಅವರಲ್ಲಿ ಹಿರಿಯರು ಕಿರಿಯರಿಗೆ ಬಗ್ಗುವುದಿಲ್ಲ. ತಾಯಿ ತಲೆಬಾಗಿದರೆ ಆ ಪಾಪ ಸತ್ತ ಮಗನ ತಲೆಗೇ. ಮಕ್ಕಳಿಲ್ಲದವನಿಗೆ ಬತ್ತಿ ಹಿಡಿಯುವವಳು ಹೆಂಡತಿಯೊಬ್ಬಳೇ, ಅವಳನ್ನು ತಾನೇ ಹೊರದಬ್ಬಿದ್ದಳು! ಮಗನನ್ನು ಕಳೆದುಕೊಂಡದ್ದು ಆಗಲೇ ಮುದುಕಿಗೆ ಪೂರ್ತಿ ತಿಳಿದದ್ದು. ಬತ್ತಿಯ ಬೂದಿ ಬೆರಳ ಮೇಲೆ ಉದುರಿದರೂ ಕೊಡವಲಿಲ್ಲ.

ಬಾಗಿಲು ತೆರೆಯಿತು.

"ಒಳಗೆ ಬಾ. ನಿನ್ನ ಮುಖ ನೋಡೋ ಆಸೆಯಿಂದ ಕರೀತಿಲ್ಲ. ಅವನು ಹಸ್ಕೊಂಡಿದಾನೆ."

ಕ್ವಾಯ್‌ಹಿಂಗ್ ಒಳಗೆ ಬಂದಳು. ಇಷ್ಟು ದಿನ ಪೊಲೀಸರಿಗಾಗಿ ಬಗ್ಗಿದವಳು ಇಂದು ಅವನಿಗಾಗಿ ಮೂರು ಸಲ ಬಗ್ಗಿದಳು, ಬಿಕ್ಕುತ್ತ... ಮುದುಕಿ ಗೋಡೆಗೆ ಮುಖ ತಿರುಗಿಸಿ ನಿಂತಿದ್ದಳು. ಅವಳ ದನಿಯಲ್ಲಿ ಆಗಲೂ ಕರುಣೆಯಿರಲಿಲ್ಲ.

"ನನ್ನ ಪಾಲಿಂದೂ ಒಂದ್ಸಲ ಬಗ್ಗು."